ಬೋಣಿಯ ಡಬ್ಬಿ

ನನ್ನ ಕೈಚೀಲದಲ್ಲಿ ಕನ್ನಡಕದ ಗೂಡು, ಕರವಸ್ತ್ರ, ಬೀಗದ ಕೈಗೊಂಚಲು, ಇವುಗಳ ಜೊತೆಗೆ ಒಂದು ಖಾಲಿ ಸೋಪಿನ ಡಬ್ಬಿ ಇರುತ್ತದೆ. ರಟ್ಟಿನದು. ಒಳಗೆ ಸೋಪಿಲ್ಲ, ಕುಗ್ಗದಿರಲೆಂದು ಹಳೆಯ ತೆಲುಗು ಪತ್ರಿಕೆಯ ಹಾಳೆಯೊಂದನ್ನು ಮಡಿಸಿ ತುರುಕಿದೆ. ಒಮ್ಮೆ ಗನ್ನವರಂ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಅದನ್ನು ಹೊರತೆಗೆದು, ಅಲುಗಿಸಿ, ಮೂಸಿ, ಬಿಚ್ಚಿ, ಹಾಳೆಯನ್ನೂ ಬಿಡಿಸಿ ನೋಡಿ, ಕೊನೆಗೆ ನನ್ನ ಮುಖ ನೋಡಿದಳು. ಅರವತ್ತು ದಾಟಿದ, ಸೀರೆಯ ನೆರಿಗೆ ಒಂದಿಷ್ಟೂ ಅತ್ತಿತ್ತಾಗದ ಹೆಂಗಸು ಖಾಲಿ ಡಬ್ಬಿಯನ್ನು ಯಾಕೆ ಹೊತ್ತು ತಿರುಗುತ್ತಾಳೆಂದು ಅವಳಿಗೆ ಹೊಳೆಯಲಿಲ್ಲ. ಕೆಲಸದ ಸಾಮಾನು ಎಂದೆ. ಅದು ನಿಜವೇ. ಆದರೆ ಹಿಂದೆ ಸಾಲು ಬೆಳೆಯುತ್ತಿರುವಾಗ ನಿಜವನ್ನು ಅದಕ್ಕಿಂತ ಉದ್ದಕ್ಕೆ ಹೇಳಲಾಗುವುದಿಲ್ಲ. ನಿಮಗೆ ಆ ಅವಸರವಿಲ್ಲವೆಂದು ನಂಬಿ ಹೇಳುತ್ತಿದ್ದೇನೆ.

ಬೇಡದ್ದನ್ನು ಕೂಡಿಡುವ ಜಾಯಮಾನ ನನ್ನದಲ್ಲ. ನಮ್ಮ ತಂದೆ ಗುಂತಕಲ್ಲಿನ ಆಸುಪಾಸಿನ ಚಿಕ್ಕಪುಟ್ಟ ನಿಲ್ದಾಣಗಳಲ್ಲಿ ಸ್ಟೇಷನ್ ಮಾಸ್ತರರಾಗಿದ್ದವರು. ಮನೆಯಲ್ಲಿ ಹಾಲು ಕಾಯಿಸುವುದಕ್ಕೂ ಜಡೆ ಹೆಣೆಯುವುದಕ್ಕೂ ಅಕ್ಕತಂಗಿಯರು ಜಗಳವಾಡುವುದಕ್ಕೂ ಗಾಡಿಗಳ ಹೊತ್ತೇ ಹೊತ್ತು. ಗಾಡಿ ತಡವಾಗಬಹುದಿತ್ತು, ನಾವಲ್ಲ. ಬಳ್ಳಾರಿ ಸೀಮೆಯ ಕನ್ನಡವನ್ನು ಬಾಯಲ್ಲಿಟ್ಟುಕೊಂಡು ವಿಜಯವಾಡದ ತೆಲುಗು ಮನೆಗೆ ಸೊಸೆಯಾಗಿ ಬಂದಾಗ ಈ ಶಿಸ್ತನ್ನೂ ಬಳುವಳಿಯ ಪಾತ್ರೆಗಳ ಜೊತೆ ತಂದುಕೊಂಡೆ. ಪಾತ್ರೆಗಳು ತಗ್ಗುಬಿದ್ದವು, ಅದು ಬೀಳಲಿಲ್ಲ. ನೌಕರರ ಸಹಕಾರಿ ಭಂಡಾರವೊಂದರಲ್ಲಿ ಮೇಲ್ವಿಚಾರಕಿಯಾಗಿ ನಿವೃತ್ತಳಾಗುವ ತನಕ ಬೇಳೆಯ ಚೀಲ, ಎಣ್ಣೆಯ ಡಬ್ಬ, ಸೋಪಿನ ಪೆಟ್ಟಿಗೆ ಎಲ್ಲವೂ ನನ್ನ ಕಣ್ಣೆದುರು ಸಾಲಾಗಿ ನಿಂತಿದ್ದವು. ಸಾಲು ಮುರಿಯುವ ಧೈರ್ಯ ಯಾವುದಕ್ಕೂ ಬರಲಿಲ್ಲ.

ರಾಜ್ಯ ಎರಡಾದ ಮೇಲಿನ ವರ್ಷಗಳಲ್ಲಿ ನಮ್ಮೂರಿನಲ್ಲಿ ಎರಡು ಬಗೆಯ ಬೋರ್ಡುಗಳು ಎದ್ದವು: ದೊಡ್ಡ ದೊಡ್ಡ ಅಂಗಡಿಗಳವು, ಆ ಅಂಗಡಿಗಳಲ್ಲಿ ಕೆಲಸ ಮಾಡುವುದನ್ನು ಕಲಿಸುವ ತರಬೇತಿ ಕೇಂದ್ರಗಳವು. ಅಂಥದೊಂದು ಕೇಂದ್ರದವರು, ಭಂಡಾರದಲ್ಲಿ ನನ್ನನ್ನು ಕಂಡಿದ್ದವರು, ಬಂದು ಕೇಳಿದರು. ಒಪ್ಪಿದೆ. ಔಷಧದಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ ಪಾಠಕ್ಕೆ, ಇನ್ನೊಂದು ಅಭ್ಯಾಸದ ಅಂಗಡಿಗೆ. ಅಂಗಡಿ ಎಂದರೆ ಸಾಕ್ಷಾತ್ ಅಂಗಡಿಯೇ: ಕಬ್ಬಿಣದ ಶೆಲ್ಫುಗಳು, ಬಿಲ್ಲು ಮಾಡುವ ಯಂತ್ರ, ಗಾಜಿನ ಬಾಗಿಲು, ಬಾಗಿಲ ಮೇಲೆ ಸುಸ್ವಾಗತ. ಸಾಮಾನು ಮಾತ್ರ ಇಲ್ಲ. ಸೋಪು, ಟೀ, ಬಿಸ್ಕತ್ತು, ಎಲ್ಲವೂ ಕಾಗದ ತುಂಬಿದ ಖಾಲಿ ಡಬ್ಬಿಗಳು. ಅಲ್ಲಿ ನಾವು ಇಲ್ಲದ ಸರಕನ್ನು ಇಲ್ಲದ ಗಿರಾಕಿಗೆ ಮಾರುತ್ತಿದ್ದೆವು. ಹಾಗೆ ಹೇಳಿದರೆ ನಗು ಬರುತ್ತದೆ, ಆದರೆ ಈಜು ಕಲಿಸುವವರೂ ಮೊದಲು ದಡದ ಮೇಲೆಯೇ ಕೈಕಾಲು ಆಡಿಸಿ ತೋರಿಸುತ್ತಾರಲ್ಲ.

ಏನು ಕಲಿಸುತ್ತಿದ್ದೆವು? ಹಳೆಯ ಮಾಲು ಮುಂದೆ, ಹೊಸದು ಹಿಂದೆ. ಗಿರಾಕಿಯ ಬೆನ್ನು ಹತ್ತಬಾರದು, ಕರೆದಾಗ ದೂರವೂ ಇರಬಾರದು. ಬೆಲೆ ಅಚ್ಚಾದದ್ದು, ಅದರ ಮೇಲೆ ಮಾತಿಲ್ಲ. ಎಲ್ಲಕ್ಕಿಂತ ಕಷ್ಟದ ಪಾಠ, ಬೇಡವೆಂದು ಹೊರಟವರನ್ನು ಕಳಿಸಿಕೊಡುವುದು. ಕೊಳ್ಳಲು ಬಂದವರಿಗೆ ನಗು ತೋರಿಸುವುದು ಯಾರಿಗೂ ಬರುತ್ತದೆ. ಕೊಳ್ಳದೆ ಹೊರಟವರಿಗೆ ಅದೇ ನಗುವನ್ನು ಒಂದಿಷ್ಟೂ ಕಡಿಮೆ ಮಾಡದೆ ಕೊಟ್ಟು 'ಧನ್ಯವಾದ, ಮತ್ತೆ ಬನ್ನಿ' ಎನ್ನುವುದು ವಿದ್ಯೆ. ಅದನ್ನು ನಾನು ಕಟ್ಟುನಿಟ್ಟಾಗಿ ಕಲಿಸುತ್ತಿದ್ದೆ. 'ಮೇಡಂಗಾರು ನಗೂನ ತೂಕಕ್ಕೆ ಹಾಕ್ತಾರೆ' ಎಂದು ಹಿಂದಿನ ಬೆಂಚಿನಲ್ಲಿ ಪಿಸುಗುಡುತ್ತಿದ್ದರಂತೆ. ಹಾಕುತ್ತಿದ್ದೆ.

ಒಂದು ತಂಡದಲ್ಲಿ ಅನಸೂಯ ಎಂಬ ಹುಡುಗಿಯಿದ್ದಳು. ಹುಡುಗಿ ಎಂದರೂ ಎರಡು ವರ್ಷದ ಮಗುವಿನ ತಾಯಿ. ತಾಯಿಯ ಕಡೆಯವರು ನಮ್ಮ ಬಳ್ಳಾರಿಯ ಪಕ್ಕದವರು, ತಂದೆ ವಿಜಯವಾಡದ ಹಳೇ ಪೇಟೆ ಒನ್‌ಟೌನಿನಲ್ಲಿ ಕಿರಾಣಿ ಅಂಗಡಿ ನಡೆಸಿ, ಪಕ್ಕದಲ್ಲೇ ದೊಡ್ಡ ಅಂಗಡಿ ಬಂದ ಮೇಲೆ ಮುಚ್ಚಿದವರು. ಮಿಕ್ಕವರಿಗೆ ನಾನು ಮೇಡಂಗಾರು, ಇವಳಿಗೆ ದೊಡ್ಡಮ್ಮ. ಅಡುಗೆಮನೆಯಲ್ಲಿ ಕಲಿತು ಅಡುಗೆಮನೆಯಲ್ಲೇ ಉಳಿದುಹೋದ ಅವಳ ಕನ್ನಡಕ್ಕೆ ತೆಲುಗಿನ ಒಗ್ಗರಣೆ ಬೀಳದೆ ವಾಕ್ಯ ಮುಗಿಯುತ್ತಿರಲಿಲ್ಲ. 'ನಗೋದು ಬರ್ತದಂಡಿ ದೊಡ್ಡಮ್ಮ, ಹೇಳಿದಾಗ ಬರಲ್ಲ ಅಷ್ಟೆ' ಎಂದಿದ್ದಳು ಮೊದಲ ವಾರ. ಆಮೇಲೆ ಹೇಳಿದಾಗಲೂ ಬಂತು. ಬೇಡವೆಂದು ಹೊರಟವರನ್ನು ಕಳಿಸುವ ಪಾಠದಲ್ಲಿ ಅವಳೇ ತಂಡಕ್ಕೆ ಮೇಲ್ಪಂಕ್ತಿ.

ಅವಳ ಗಂಡ ವಿಶಾಖಪಟ್ಟಣದ ಔಷಧ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಗಾರ. ನಾಲ್ಕಾರು ಗಂಡಸರು ಸೇರಿ ಹಿಡಿದ ಕೋಣೆಯಲ್ಲಿ ಅವನು, ತವರುಮನೆಯಲ್ಲಿ ಮಗುವಿನೊಂದಿಗೆ ಇವಳು. ವಿಶಾಖಪಟ್ಟಣದ ದೊಡ್ಡ ಅಂಗಡಿಯೊಂದರವರು ನಮ್ಮ ತಂಡದಿಂದ ಕೆಲವರನ್ನು ಆರಿಸಿಕೊಂಡಿದ್ದರು, ಅನಸೂಯ ಅವರಲ್ಲಿ ಒಬ್ಬಳು. ಕರಾರು ಒಂದೇ: ಪರೀಕ್ಷೆ ಪಾಸಾಗಿ ಸರ್ಟಿಫಿಕೇಟು ಕೈಯಲ್ಲಿರಬೇಕು. ಇಬ್ಬರ ಸಂಬಳ ಸೇರಿದರೆ ಮೂವರಿಗೊಂದು ಮನೆ. ಗಂಡ ಅಲ್ಲೇ ಋಷಿಕೊಂಡದ ದಾರಿಯಲ್ಲಿ ಮನೆ ನೋಡಿಯೂ ಆಗಿತ್ತು. ತಿಂಗಳ ಕೊನೆಯ ತನಕ ಬೇರೆಯವರಿಗೆ ಕೊಡುವುದಿಲ್ಲವೆಂದು ಮನೆಯಾಕೆ ಮಾತು ಕೊಟ್ಟಿದ್ದಳು. ಫೇಲಾದರೆ ಮುಂದಿನ ತಂಡದವರೊಂದಿಗೆ ಕೂರಬೇಕು. ಮುಂದಿನ ತಂಡ ಯಾವಾಗ ಎಂಬುದು ಕೇಂದ್ರದವರಿಗೂ ಗೊತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಬೋಣಿಯ ಮಾತು ಹೇಳಬೇಕು. ಕನ್ನಡಕ್ಕೂ ತೆಲುಗಿಗೂ ಇದು ಒಂದೇ ಶಬ್ದ. ಗಡಿ ದಾಟುವಾಗ ಇದನ್ನು ಯಾರೂ ತಡೆದು ಕೇಳುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದ ಅಂಗಡಿಗೆ ಮೊದಲು ಕಾಲಿಟ್ಟವನು ಬರೀ ಗಿರಾಕಿಯಲ್ಲ, ಆ ದಿನದ ಮುಖ. ಅವನು ಬರಿಗೈಯಲ್ಲಿ ಹೊರಟರೆ ದಿನವೆಲ್ಲ ಬರಿಗೈ. ಅದಕ್ಕೇ ತಳ್ಳುಗಾಡಿಯ ಹೂವಿನವಳಿಂದ ಹಿಡಿದು ಸಗಟು ಬಟ್ಟೆಯ ವ್ಯಾಪಾರಿಯವರೆಗೆ ಎಲ್ಲರೂ ಮೊದಲ ಚೌಕಾಸಿಗೆ ಸೋಲುತ್ತಾರೆ, ಬಂದದ್ದನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಮೂಢನಂಬಿಕೆ ಎನ್ನುವವರು ಎನ್ನಲಿ. ನನಗೆ ಅದರಲ್ಲಿ ಬೇರೊಂದು ಕಾಣುತ್ತದೆ. ಯಾರೂ ಬಾರದೆ ಹೋಗಬಹುದಾಗಿದ್ದ ಬೆಳಗಿನಲ್ಲಿ ಒಬ್ಬರು ಬಂದರಲ್ಲ ಎಂಬ ನಡುಕ, ಆ ನಡುಕದೊಳಗಿನ ಕೃತಜ್ಞತೆ. ನಮ್ಮ ಪಠ್ಯದಲ್ಲಿ ಅದಕ್ಕೆ ಅಧ್ಯಾಯವಿರಲಿಲ್ಲ. ಬೆಳಗಿನ ಹೊತ್ತು ಪಾಠ, ಊಟವಾದ ಮೇಲೆ ಅಂಗಡಿ, ಇದು ನಮ್ಮ ವೇಳಾಪಟ್ಟಿ. ಮಧ್ಯಾಹ್ನದ ಅಂಗಡಿಯಲ್ಲಿ ಬೋಣಿ ಎಲ್ಲಿಂದ ಬರಬೇಕು?

ಪರೀಕ್ಷೆ ಬೆಳಿಗ್ಗೆಯೇ ಶುರುವಾಯಿತು. ಹೆಸರಿನ ಅಕ್ಷರದ ಕ್ರಮದಲ್ಲಿ ಮೊದಲು ಅನಸೂಯ. ಹೊರಗಿನಿಂದ ಬಂದ ಪರೀಕ್ಷಕ, ಇಸ್ತ್ರಿ ಅಂಗಿಯ ಯುವಕ, ನಾವು ಕೊಟ್ಟ ಚಹವನ್ನೂ ಮುಟ್ಟಲಿಲ್ಲ; ಕೇಂದ್ರದಿಂದ ಏನನ್ನೂ ಸ್ವೀಕರಿಸಬಾರದೆಂಬುದು ಅವರಿಗೆ ನಿಯಮ. ನನಗೂ ಒಂದು ನಿಯಮವಿತ್ತು. ಕಲಿಸಿದವರು ಮೂಲೆಯ ಕುರ್ಚಿಯಲ್ಲಿ ಕೂತಿರಬಹುದು, ಮಾತಾಡಬಾರದು, ಸನ್ನೆ ಮಾಡಬಾರದು. ಕೂತೆ. ಪರೀಕ್ಷಕನೇ ಗಿರಾಕಿಯಾಗಿ ಒಳಗೆ ಬಂದ. ಅನಸೂಯ ಸ್ವಾಗತಿಸಿದಳು, ಎರಡು ಬಗೆಯ ಸೋಪು ತೋರಿಸಿದಳು, ಅವುಗಳ ವ್ಯತ್ಯಾಸ ಹೇಳಿದಳು, ಎಲ್ಲವೂ ಹಳಿಯ ಮೇಲಿನ ಗಾಡಿಯಂತೆ ನಡೆಯಿತು. ಆಮೇಲೆ ಅವನು ಪರೀಕ್ಷೆಯ ಪಟ್ಟಿಯಲ್ಲಿ ಬರೆದಿದ್ದಂತೆಯೇ ಕೈಲಿದ್ದ ಸೋಪನ್ನು ಕೆಳಗಿಟ್ಟು, ಬೇಡಮ್ಮ ಎಂದು ಬಾಗಿಲ ಕಡೆ ತಿರುಗಿದ. ಈಗ ಅವಳು ನಗಬೇಕು, ಎರಡು ಮಾತು ಹೇಳಬೇಕು, ಮುಗಿಯಿತು.

ಅವಳು ನಗಲಿಲ್ಲ. ಗಾಜಿನ ಬಾಗಿಲಿನಾಚೆಯ ಎಳೆಬಿಸಿಲು ಅವಳ ಮುಖಕ್ಕೆ ಬಿದ್ದಿತ್ತು. ಕೌಂಟರು ದಾಟಿ ಹೊರಗೆ ಬಂದಳು. ಕುರ್ಚಿಯ ಕೈಯನ್ನು ಹಿಡಿದುಕೊಂಡೆ. ಹಿಡಿದದ್ದೂ ಸನ್ನೆಯಾದೀತೆಂದು ಬಿಟ್ಟೆ. ಅಷ್ಟರಲ್ಲಿ ಅವಳು ಬಾಗಿಲ ಬಳಿ ಅವನಿಗೆ ಎದುರಾಗಿದ್ದಳು.

ಅವಳಾಡಿದ್ದು ತೆಲುಗಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

'ಅಣ್ಣಾ, ಬೋಣಿ ಹೊತ್ತು. ಏನಾದರೂ ಒಂದು ತಗೊಂಡು ಹೋಗಿ.'

ಅವನು ಬಾಗಿಲ ಹಿಡಿಯ ಮೇಲಿಟ್ಟ ಕೈಯನ್ನು ತೆಗೆಯದೆ ಅವಳನ್ನು ನೋಡಿದ. 'ಏನು ತಗೊಳ್ಳಲಮ್ಮ? ಎಲ್ಲಾ ಖಾಲಿ ಡಬ್ಬಿ.'

'ಗೊತ್ತಂಡಿ.' ಅವನು ಬೇಡವೆಂದು ಕೆಳಗಿಟ್ಟಿದ್ದ ಸೋಪಿನ ಡಬ್ಬಿಯನ್ನು ಅವಳು ಎತ್ತಿಕೊಂಡೇ ಬಂದಿದ್ದಳು. ಅದನ್ನು ಅವನ ಅಂಗೈಗೆ ಇಟ್ಟಳು. 'ಡಬ್ಬಿ ಖಾಲಿ ಇರಲಿ. ಕೈ ಖಾಲಿ ಹೋಗಬಾರದು.'

ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಆಗ ಅವಳಿಗೆ ತಾನೆಲ್ಲಿದ್ದೇನೆಂಬುದು ನೆನಪಾಯಿತು. ನನ್ನ ಕಡೆ ತಿರುಗಿದಳು. ನಾನು ಗೋಡೆ ನೋಡಿದೆ, ನೋಡಲೇಬೇಕಿತ್ತು. ಅವಳ ನಗು ಆಗ ಬಂತು, ಹೊತ್ತು ಮೀರಿ. 'ಧನ್ಯವಾದ, ಮತ್ತೆ ಬನ್ನಿ' ಎಂದಳು. ಪರೀಕ್ಷಕ ತನ್ನ ಟ್ಯಾಬಿನಲ್ಲಿ ಏನನ್ನೋ ಒತ್ತಿದ. ಒತ್ತುವ ಮುಂಚೆ ಸ್ವಲ್ಪ ತಡೆದನೋ, ತಡೆದನೆಂದು ನನಗೆ ಅನಿಸಿತೋ, ಇವತ್ತಿಗೂ ತಿಳಿಯದು.

ಉಳಿದವರ ಪರೀಕ್ಷೆ ಸಂಜೆಯ ತನಕ ನಡೆಯಿತು. ಅನಸೂಯ ಪಾಠದ ಕೋಣೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಗಂಡನ ಫೋನು ಎರಡು ಸಲ ಬಂತಂತೆ, ಎತ್ತಲಿಲ್ಲವಂತೆ. ಯಾಕೆ ಹೀಗೆ ಮಾಡಿದೆ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು: 'ಬೆಳಕು ನೋಡ್ದೆ ದೊಡ್ಡಮ್ಮ. ನಾನ್ನ ಅಂಗಡೀಲಿದ್ದಂಗೇ ಆಯ್ತು.' ನಾನ್ನ ಎಂದರೆ ತೆಲುಗಿನಲ್ಲಿ ಅಪ್ಪ.

ಹೊರಡುವಾಗ ಪರೀಕ್ಷಕ ನನ್ನ ಮೇಜಿನ ಹತ್ತಿರ ಬಂದು ಆ ಡಬ್ಬಿಯನ್ನಿಟ್ಟ. ಇದನ್ನು ಒಯ್ಯುವ ಹಾಗಿಲ್ಲ ಮೇಡಂ, ನಿಯಮ ಎಂದ. ನಾನು ತೆಗೆದು ಶೆಲ್ಫಿಗಿಡಲು ಎದ್ದೆ. ಅದು ನನ್ನ ಕೈಯ ಅಭ್ಯಾಸ, ಸಾಲಿನಲ್ಲಿ ತೆರಪು ಕಂಡರೆ ತುಂಬಬೇಕು.

'ಅಲ್ಲಿ ಇಡಬೇಡಿ ಮೇಡಂ' ಎಂದ ಅವನು, ಶೂಗಳ ದಾರ ಕಟ್ಟಿಕೊಳ್ಳುತ್ತ, ನನ್ನನ್ನು ನೋಡದೆ. 'ಅದು ಮಾರಿದ ಮಾಲು.'

ಆ ಮಾತನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂದು ಫಲಿತಾಂಶ ಬರುವ ತನಕ ಅಳೆದೆ, ಸುರಿದೆ. ಸೊಗಸಾದ ಮಾತಾಡಿ ನಿರ್ದಾಕ್ಷಿಣ್ಯವಾಗಿ ಅಂಕ ಕಳೆಯುವವರನ್ನು ನಾನು ಬಲ್ಲೆ, ನಾನೇ ಅಂಥವಳು. ನಿಯಮದ ಪ್ರಕಾರ ಅವಳು ತಪ್ಪಿದ್ದಳು, ಪರೀಕ್ಷಕನ ಜಾಗದಲ್ಲಿ ನಾನಿದ್ದರೆ ತಪ್ಪೆಂದೇ ಬರೆಯುತ್ತಿದ್ದೆ. ಬರೆದು ಮನೆಗೆ ಹೋಗಿ ಊಟ ಮಾಡಲಾಗುತ್ತಿತ್ತೇ ಎಂಬುದು ಬೇರೆ ಪ್ರಶ್ನೆ. ತಿಂಗಳು ಕೊನೆಗೆ ಜಾರುತ್ತಿತ್ತು. ವಿಶಾಖಪಟ್ಟಣದ ಮನೆಯಾಕೆ ಬೇರೆಯವರಿಗೂ ಮನೆ ತೋರಿಸುತ್ತಿದ್ದಾಳೆಂದು ಸುದ್ದಿ ಬಂತು. ಬೆಳಿಗ್ಗೆ ಐದಕ್ಕೇ ಏಳುವ ನಾನು ಅದಕ್ಕೂ ಮುಂಚೆ ಎದ್ದು ಕೂರತೊಡಗಿದೆ. ಗಾಡಿ ಬರುವ ಮುನ್ನ ನಮ್ಮ ತಂದೆ ಪ್ಲಾಟ್‌ಫಾರಮ್ಮಿನಲ್ಲಿ ಕೈಕಟ್ಟಿ ನಿಲ್ಲುತ್ತಿದ್ದರಲ್ಲ, ಆ ನಿಲುವಿನಲ್ಲಿ ಎಷ್ಟು ಭಯವಿತ್ತೆಂದು ಈ ವಯಸ್ಸಿನಲ್ಲಿ ತಿಳಿಯಿತು. ಕ್ರಮವನ್ನು ಪ್ರೀತಿಸುವವರು ಧೈರ್ಯವಂತರೆಂದು ಜನ ತಿಳಿಯುತ್ತಾರೆ. ಒಂದು ಸರಪಳಿ ಎಲ್ಲೋ ಕಳಚುತ್ತದೆಂಬ ಆತಂಕ ಅವರಿಗಿರುವಷ್ಟು ಬೇರೆಯವರಿಗಿಲ್ಲ.

ಫಲಿತಾಂಶದಲ್ಲಿ ಪಾಸು ಎಂದಷ್ಟೇ ಇತ್ತು. ಯಾವ ಪ್ರಶ್ನೆಗೆ ಎಷ್ಟು ಎಂಬ ವಿವರವಿರಲಿಲ್ಲ. ಅನಸೂಯ ಕೂಸನ್ನೂ ಪಾತ್ರೆ ಗಂಟನ್ನೂ ಎತ್ತಿಕೊಂಡು ಗಾಡಿ ಹತ್ತಿದಳು.

ಮುಂದಿನ ಬೇಸಿಗೆಯಲ್ಲಿ ನಾದಿನಿಯ ಮನೆಗೆಂದು ವಿಶಾಖಪಟ್ಟಣಕ್ಕೆ ಹೋದಾಗ ಅವಳ ಅಂಗಡಿ ಹುಡುಕಿಕೊಂಡು ಹೋದೆ. ಬಾಗಿಲು ತೆಗೆಯುವ ಹೊತ್ತಿಗೇ ಹೋದದ್ದು ಬೇಕೆಂದೇ. ನನಗಿಂತ ಮೊದಲು ಒಬ್ಬಾತ ಒಳಗೆ ನುಗ್ಗಿ, ಕೂದಲಿಗೆ ಹಚ್ಚುವ ಎಣ್ಣೆ ಕೇಳಿ, ಬಾಟಲಿ ತಿರುಗಿಸಿ ನೋಡಿ, ಬೇಡವೆಂದು ಹೊರಟ. ಸಮವಸ್ತ್ರದ ಅನಸೂಯ ಕೌಂಟರಿನ ಆಚೆ. ನಾನು ಶೆಲ್ಫಿನ ಮರೆಯಲ್ಲಿ ನಿಂತೆ. ಪರೀಕ್ಷೆಯ ಕುರ್ಚಿಯಲ್ಲಿ ಕೂತಂತೆಯೇ ಅಲುಗದೆ ನೋಡುತ್ತಿದ್ದೆ, ಆದರೆ ಅವಳು ಏನು ಮಾಡಲೆಂದು ಬಯಸುತ್ತಿದ್ದೇನೆಂಬುದೇ ನನಗೆ ಗೊತ್ತಿರಲಿಲ್ಲ. ಅವಳು ನಕ್ಕಳು. ಧನ್ಯವಾದ, ಮತ್ತೆ ಬನ್ನಿ ಎಂದಳು. ನಾನು ಕಲಿಸಿದ ನಗು, ಕಲಿಸಿದ ತೂಕ, ಕಲಿಸಿದ ಮಾತು. ಬಾಗಿಲು ಮುಚ್ಚಿದ ಮೇಲೆ ಮಾತ್ರ ಅವಳ ಬೆರಳುಗಳು ಕೌಂಟರಿನ ಅಂಚನ್ನು ಬಿಗಿಯಾಗಿ ಹಿಡಿದಿರುವುದು ಕಂಡಿತು.

ಚೀಟಿಯಲ್ಲಿ ಬರೆಯದ ಸಾಮಾನನ್ನು ನಾನು ಕೊಳ್ಳುವವಳಲ್ಲ. ಆ ದಿನ ಕೊಂಡೆ. ಪರೀಕ್ಷೆಯ ದಿನದ ಡಬ್ಬಿಯ ಗುರುತಿನದೇ ಸೋಪು, ಒಳಗೆ ಸೋಪಿರುವುದು. ಅವಳ ಮುಂದಿಟ್ಟೆ. ಕಣ್ಣರಳಿತು, ಆದರೆ ಮೇಲೆ ಕ್ಯಾಮೆರಾ, ಪಕ್ಕದಲ್ಲಿ ಸೂಪರ್‌ವೈಸರು. ನಮಸ್ಕಾರಂ ಮೇಡಂ ಎಂದು ನಿಯಮದಂತೆ ಹೇಳಿ ಬಿಲ್ಲು ಮಾಡಿದಳು. ನೋಟನ್ನು ಪೆಟ್ಟಿಗೆಗೆ ಹಾಕುವ ಮುನ್ನ ಮುಂಗುರುಳು ಸರಿಪಡಿಸುವವಳಂತೆ ಆ ಕೈಯನ್ನು ರೆಪ್ಪೆಗೆ ಸೋಕಿಸಿದಳು.

'ನಿಮ್ಮದೇ ಬೋಣಿ ದೊಡ್ಡಮ್ಮ' ಎಂದಳು ಕನ್ನಡದಲ್ಲಿ, ತುಟಿ ಅಲುಗದ ಹಾಗೆ.

ಆ ಸೋಪು ತನ್ನ ಕಾಲಕ್ಕೆ ಕರಗಿತು. ಡಬ್ಬಿ ಉಳಿದಿದೆ. ಹೊಸ ತಂಡಗಳಿಗೆ ನನ್ನನ್ನು ಈಗಲೂ ಕರೆಯುತ್ತಾರೆ, ವೇಳಾಪಟ್ಟಿ ಈಗಲೂ ನನ್ನದೇ. ಬೆಳಗಿನ ಮೊದಲ ತಾಸಿಗೆ ಈಗ ಪಾಠವಿಲ್ಲ, ಅಂಗಡಿ. ಮೊದಲ ಗಿರಾಕಿ ನಾನೇ. ಎಲ್ಲವನ್ನೂ ಕೇಳುತ್ತೇನೆ, ಎಲ್ಲವನ್ನೂ ಬೇಡವೆನ್ನುತ್ತೇನೆ, ಹೊರಡುತ್ತೇನೆ. ಕಳಿಸಿಕೊಡುವವರ ನಗು ಕಡಿಮೆಯಾದರೆ ಅಂಕ ಕಳೆಯುತ್ತೇನೆ. ಆದರೆ ಬಾಗಿಲು ದಾಟುವ ಮುನ್ನ ಕೈಚೀಲಕ್ಕೆ ಕೈ ಹಾಕುತ್ತೇನೆ, ಆ ಡಬ್ಬಿಯನ್ನು ಬಲಗೈಯಲ್ಲಿ ಹಿಡಿದುಕೊಂಡೇ ಹೊಸ್ತಿಲು ದಾಟುತ್ತೇನೆ.