ಗೇಟಿನಾಚೆ ನಡೆಯದ ದುಡ್ಡು

ಸಿಂಧನೂರಿನಲ್ಲಿ ಹಳೆಯ ನಾಣ್ಯ, ನೋಟುಗಳ ಹುಚ್ಚಿರುವ ಸಾಹುಕಾರರೊಬ್ಬರಿದ್ದಾರೆ. ಮಸ್ಕಿ ರಸ್ತೆಯಲ್ಲಿ ಅವರದೊಂದು ಅಕ್ಕಿ ಗಿರಣಿ, ಅದರ ಹಿಂದೆ ಕಣ್ಣು ಹಾಯುವಷ್ಟು ದೂರ ಅವರದೇ ಗದ್ದೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ತಮ್ಮ ಸಂಗ್ರಹಕ್ಕೆ ಕನ್ನಡದಲ್ಲಿ ನಾಲ್ಕು ಸಾಲು ವಿವರಣೆ ಬರೆದುಕೊಡಬೇಕೆಂದು ಈ ಸಲದ ನಾಟಿ ಹಂಗಾಮಿನಲ್ಲಿ ನನ್ನನ್ನು ಕರೆಸಿಕೊಂಡರು. ಹಳೆಯ ಕಾಗದವೆಂದರೆ ನನಗೂ ಆಸೆ, ಹೋದೆ.

ಅವರು ಹೆಮ್ಮೆಯಿಂದ ಮುಂದಿಟ್ಟದ್ದು ಗಾಜಿನ ಚೌಕಟ್ಟಿನಲ್ಲಿದ್ದ ಮಾಸಲು ನೋಟುಗಳನ್ನು. ಎರಡನೆಯ ಮಹಾಯುದ್ಧದ ಕಾಲದ ಯುದ್ಧಕೈದಿಗಳ ಶಿಬಿರದವು. ಸೆರೆಸಿಕ್ಕ ಸಿಪಾಯಿಗಳು ದುಡಿದರೆ ಕೈಗೆ ಬರುತ್ತಿದ್ದುದು ಇವೇ. ಶಿಬಿರದ ಅಂಗಡಿಯಲ್ಲಿ ಸೋಪು, ಸಿಗರೇಟು ಸಿಗುತ್ತಿತ್ತು; ಬೇಲಿಯಾಚೆ ಒಂದು ಬೀಡಿಯೂ ಹುಟ್ಟುತ್ತಿರಲಿಲ್ಲ.

"ಯಾಕ್ ಗೊತ್ತೈತೇನ್ರಿ ಸರ?" ಸಾಹುಕಾರರು ಗಾಜು ಒರೆಸುತ್ತ ಕೇಳಿದರು. "ಖರೇ ರೊಕ್ಕ ಕೈಯಾಗಿದ್ರ ಓಡಿ ಹೋಗ್ತಾರಂತ! ಏನ್ ತಲಿ ಇತ್ತು ನೋಡ್ರಿ ಅವ್ರಿಗೆ!"

ಅಷ್ಟರಲ್ಲಿ ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಮಸ್ಕಿ ಕಡೆಯ ಹಳ್ಳಿಯಿಂದ ನಾಟಿಗೆ ಬಂದು ಗಿರಣಿಯ ಶೆಡ್ಡಿನಲ್ಲಿ ಇಳಿದುಕೊಂಡಿದ್ದ ಗುಂಪಿನವಳು. ಮೊಣಕಾಲವರೆಗೆ ಕೆಸರು ಒಣಗಿತ್ತು. ಸೆರಗಿನ ಗಂಟು ಬಿಚ್ಚಿ ಹಸಿರು ಪ್ಲಾಸ್ಟಿಕ್ ಬಿಲ್ಲೆಗಳನ್ನು ಮೇಜಿನ ಮೇಲೆ ಸುರಿದಳು.

"ಸಾವ್ಕಾರ್ರ, ಮಗಳನ್ನ ಲಿಂಗಸ್ಗೂರ ದವಾಖಾನಿಗೆ ಹಾಕ್ಯಾರ. ಹೆರಿಗಿ ಭಾಳ ತ್ರಾಸ ಆಗ್ಯಾದಂತ. ಇವನ್ನ ತಗೊಂಡು ರೊಕ್ಕ ಕೊಡ್ರಿ."

"ಹಂಗಾಮ ಮುಗೀಲಿ, ಎಲ್ಲಾರ್ದೂ ಒಮ್ಮಿಗೇ ಲೆಕ್ಕ ಮಾಡೋಣು. ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟ ಐತಲ್ಲ, ಹೋಗಿ ಬಾ."

"ಬಸ್ಸು ಪುಕ್ಕಟ ಐತ್ರಿ. ಹೊರಗಿಂದ ತರಾಕ ಔಷಧ ಬರದ್ಕೊಟ್ಟಾರ. ಅದು ಪುಕ್ಕಟ ಇಲ್ರಿ."

"ಅಂಗಡ್ಯಾಗ ಬೆಲ್ಲ ತುಪ್ಪ ತಗೊಂಡ್ ಹೋಗು. ಬಾಣಂತಿಗೆ ಬೇಕಾಗ್ತೈತಿ."

ಅವಳು ಬಿಲ್ಲೆಗಳನ್ನು ಮತ್ತೆ ಸೆರಗಿಗೆ ಬಳಿದುಕೊಂಡು ಹೊರಟಳು. ಏನವು ಎಂದು ಕೇಳಿದೆ. ಸಾಹುಕಾರರು ಒಂದಿಷ್ಟೂ ಅಳುಕದೆ ಹೇಳಿದರು. ದಿನದ ಕೂಲಿಗೆ ಬಿಲ್ಲೆ. ಅವು ನಡೆಯುವುದು ಗೇಟಿನ ಬಳಿ ಅವರ ಭಾವಮೈದುನ ಇಟ್ಟಿರುವ ಕಿರಾಣಿ ಅಂಗಡಿಯಲ್ಲಿ ಮಾತ್ರ. ಉಳಿದ ಬಿಲ್ಲೆಗೆ ನಾಟಿ ಮುಗಿದ ಮೇಲೆ ನಗದು.

"ಕೈಗೆ ರೊಕ್ಕ ಬಂತಂದ್ರ ಐವತ್ತು ಹೆಚ್ಚು ಕೊಡೋವ್ನ ಗದ್ದಿಗೆ ಹೋಗಿಬಿಡ್ತಾರ. ನನ್ನ ಸಸಿ ಮಡ್ಯಾಗ ಕೊಳೀಬೇಕೇನ್ರಿ?"

ಅವರ ಅಂಗೈ ಇನ್ನೂ ಆ ಗಾಜಿನ ಮೇಲೆಯೇ ಇತ್ತು.

"ಸಾವ್ಕಾರ್ರ, ಅವ್ರು ಕೈದಿಗಳಿದ್ರು," ಎಂದೆ. "ಈಕಿ ಕೂಲಿ ಈಕಿಗೆ ಕೊಟ್ಟು ಕಳಸ್ರಿ."

"ಹೌದ್ರಿ, ಕೈದಿಗಳ ನೋಟು. ಅದಕ್ಕ ಇಷ್ಟು ಕಿಮ್ಮತ್ತು," ಎಂದು ನಕ್ಕು ಚಹಾ ತರಲು ಕೂಗಿದರು. ಅರ್ಥವಾಗಲಿಲ್ಲವೋ, ಅರ್ಥವಾಗದವರಂತೆ ನಟಿಸಿದರೋ. ಎರಡೂ ನನಗೆ ಅಷ್ಟೇ ಹೇಸಿಗೆ. ಚಹಾ ಬರುವ ಮುಂಚೆಯೇ ಎದ್ದುಬಂದೆ.

ಗೇಟಿನ ಅಂಗಡಿಯ ಮುಂದೆ ಅವಳು ನಿಂತಿದ್ದಳು. ಬಿಲ್ಲೆಗಳನ್ನೆಲ್ಲ ಕೊಟ್ಟು ಎಣ್ಣೆ ಪಾಕೀಟು, ಸೋಪು, ಚಹಾಪುಡಿ ತೆಗೆದುಕೊಂಡಿದ್ದಳು. ಇಷ್ಟೆಲ್ಲ ಹೊತ್ತು ಆಸ್ಪತ್ರೆಗೆ ಹೋಗುತ್ತಾಳೆಯೇ ಎಂದುಕೊಳ್ಳುವಷ್ಟರಲ್ಲಿ, ಅದೇ ಸಾಮಾನನ್ನು ಅದೇ ಕಟ್ಟೆಯ ಮೇಲೆ ತಿರುಗಿ ಇಟ್ಟಳು. ಅಂಗಡಿಯವನು ತಲೆಯೆತ್ತದೆ ಅರ್ಧ ಬೆಲೆಗೆ ನಗದು ಎಣಿಸಿಕೊಟ್ಟ. ಚೌಕಾಸಿ ಇಲ್ಲ, ಮಾತಿಲ್ಲ, ಇಬ್ಬರಿಗೂ ರೂಢಿಯಾಗಿತ್ತು. ಎಣ್ಣೆ ಪಾಕೀಟು ಮತ್ತೆ ಕಪಾಟು ಸೇರಿತು, ನಾಳೆ ಇನ್ನೊಬ್ಬಳಿಗೆ ಪೂರ್ತಿ ಬೆಲೆಗೆ. ಆ ಕಟ್ಟೆಯ ಮೇಲೆ ಉಗುಳಬೇಕೆನಿಸಿತು. ಉಗುಳಿದ್ದರೂ ಅವನು ಒರೆಸಿಕೊಂಡು ವ್ಯಾಪಾರ ಮುಂದುವರಿಸುತ್ತಿದ್ದ.

ರಸ್ತೆಯಲ್ಲಿ ಲಿಂಗಸುಗೂರಿನ ಬಸ್ಸಿಗೆ ಕಾಯುತ್ತಿದ್ದವಳ ಬಳಿ ಹೋಗಿ ಜೇಬಿನಲ್ಲಿದ್ದಷ್ಟನ್ನೂ ಮುಂದೆ ಹಿಡಿದೆ. ಅವಳು ತಕ್ಷಣ ಮುಟ್ಟಲಿಲ್ಲ. ದೂರದಲ್ಲಿ ಬಸ್ಸು ಕಂಡಿತು. ಆಗ ತೆಗೆದುಕೊಂಡಳು, ನನ್ನ ಮುಖ ನೋಡದೆ.

"ಮಗಳ ಸಲುವಾಗಿ ತಗೊಳ್ಳಾಕತ್ತೀನ್ರಿ ಸರ," ಎಂದಳು. "ಇಷ್ಟು ದಿನ ಕೆಸರಾಗ ನಿಂತು ದುಡಿದ್ರೂ, ಕಡೀಕ ಸಾವ್ಕಾರ್ರು ಭಿಕ್ಷಾ ಬೇಡೂಹಂಗ ಮಾಡಿದ್ರಲ್ರಿ ನನ್ನ."