ಚುಕ್ಕಿ ಉದುರುವ ರಾತ್ರಿ ಮತ್ತು ಹನುಮಪ್ಪ ಕಾಕಾ

ಹನುಮಪ್ಪ ಕಾಕಾನ ಮಾತು "ಥೂ" ಎಂದೇ ಶುರುವಾಗುತ್ತಿತ್ತು. ಗೊರೇಬಾಳದ ಹೋಟೆಲಿನ ಚಹಾ ಕುಡಿದು, "ಥೂ, ಎಮ್ಮಿ ಮೈ ತೊಳದ ನೀರು." ಮದುವೆಯಲ್ಲಿ ಹೊಸ ಅಳಿಯನನ್ನು ನೋಡಿ, "ಥೂ, ಈ ಮಾರಿಗೆ ಬಾಸಿಂಗ ಬ್ಯಾರೆ ಕೇಡು." ಕೆಳತುಟಿ ಜೋಲಿಸಿ, ಮೂಗು ಕಿವುಚಿ, ಇದನ್ನೆಲ್ಲ ಹಾಗೆಹಾಗೇ ಮಾಡಿ ತೋರಿಸಿ ನಾನು ಬಿಟ್ಟಿ ಚಹಾ ಗಿಟ್ಟಿಸುತ್ತಿದ್ದೆ. ನನಗೆ ಸ್ವಂತ ದನಿ ಇದೆಯೋ ಇಲ್ಲವೋ ಎಂದು ನಮ್ಮವ್ವನಿಗೇ ಅನುಮಾನವಿತ್ತು.

ಕಾಲುವೆ ಬಂದು ಊರೆಲ್ಲ ಭತ್ತ ಹಚ್ಚಿದ ಕಾಲ. ನಮ್ಮ ಹೊಲ ಕಾಲುವೆಯ ತಲೆಗೆ, ಕಾಕಾನದು ಕಟ್ಟಕಡೆಗೆ. ವಾರಕ್ಕೊಂದು ರಾತ್ರಿ ಅವನ ನೀರಿನ ಪಾಳಿ. ಅಂದು ಮೇಲಿನವರು ತೂಬು ಮುಚ್ಚಬೇಕು. ನಾವು ಮುಚ್ಚುತ್ತಿರಲಿಲ್ಲ. ಬಡಿಗೆ ಹಿಡಿದು ಕಾಯುತ್ತಿದ್ದೆವು. ಸೋರಿ ಇಳಿದಷ್ಟೇ ಅವನ ಪಾಲು.

ಇಂಥ ಕಾಕಾ ದೀಪಾವಳಿ ಮುಗಿದದ್ದೇ ಶಾಲೆಗೆ ಹೋಗಿ, "ಸರಾ, ಈ ವರ್ಷ ಚುಕ್ಕಿ ಯಾವತ್ತು ಉದುರ್ತಾವ್ರೀ?" ಎಂದು ಕೇಳುತ್ತಿದ್ದ. ಮಾಸ್ತರರು ನಾಲ್ಕೈದು ರಾತ್ರಿ ಎಂದರೆ, ಕಾಕಾ ಊರಿಗೆಲ್ಲ ಒಂದೇ ರಾತ್ರಿಯ ಡಂಗುರ ಸಾರುತ್ತಿದ್ದ: "ಸಿಂಧನೂರಿಗೆ ಹೋಗಿ ರೊಕ್ಕ ಕೊಟ್ಟು ಸಿನಿಮಾ ನೋಡ್ತೀರಿ. ಇದು ಫುಕಟ್ ಐತಿ, ಬರ್ರಲೇ!"

ಬಡಿಗೆ ಬದಿಗಿಟ್ಟು ಎಲ್ಲರೂ ಕಾಲುವೆಯ ಏರಿಯ ಮೇಲೆ ಕಂಬಳಿ ಹಾಸಿ ಮಲಗುತ್ತಿದ್ದೆವು. "ಬಿತ್ತು! ಅಲ್ಲಿ, ಇನ್ನೊಂದು!" ನಾನು ರೇಡಿಯೋದವರ ದನಿಯಲ್ಲಿ ಒಂದೊಂದನ್ನೂ ವರ್ಣಿಸುತ್ತಿದ್ದೆ. ಒಂದು ವರ್ಷ ಉಚ್ಚೆಗೆಂದು ಎದ್ದು ಹೋದರೆ, ಕಾಕಾ ಟೊಂಕಮಟ ತಣ್ಣೀರಲ್ಲಿ ನಿಂತು ನಮ್ಮ ತೂಬಿಗೆ ಗೋಣಿಚೀಲ ತುರುಕುತ್ತಿದ್ದ.

"ಲೇ ತಮ್ಮಾ, ಮ್ಯಾಲ ನೋಡು. ಕೆಳಗೇನೂ ಇಲ್ಲ."

"ಕಾಕಾ, ಇವತ್ತು ನಿಂದೇ ಪಾಳಿ ಅಲ್ಲೇನು?"

"ಹೂಂ. ನನ್ನ ನೀರು ನಾನೇ ಕಳವು ಮಾಡಾಕತ್ತೀನಿ. ಥೂ!"

ಮೂರು ದಿನ ಬಾಯಿ ಕಟ್ಟಿಕೊಂಡಿದ್ದೆ. ನಾಲ್ಕನೆಯ ದಿನ ಹೋಟೆಲಿನಲ್ಲಿ ನಗುವಿನ ಹಸಿವು ತಾಳದೆ ಎಲ್ಲವನ್ನೂ ಮಾಡಿ ತೋರಿಸಿದೆ, ಗೋಣಿಚೀಲ ಸಮೇತ. ನಮ್ಮಪ್ಪನೂ ನಕ್ಕ. ನಕ್ಕು ಮುಗಿಸಿ, ತೂಬಿಗೆ ನಾಲ್ಕು ಆಳು ಕಾವಲಿಟ್ಟ. ಕಾಕಾನ ಭತ್ತಕ್ಕೆ ಆಗ ಹಾಲು ತುಂಬುವ ಹೊತ್ತು. ಮುಂದಿನ ಪಾಳಿಗೆ ಹನಿ ನೀರು ಇಳಿಯಲಿಲ್ಲ, ತೆನೆಯೆಲ್ಲ ಜೊಳ್ಳಾಯಿತು. ನೆನೆದರೆ ಈಗಲೂ ನನ್ನ ಬಾಯಿಯ ಮೇಲೆ ನನಗೇ ಹೇಸಿಗೆ.

ಹೊಲ ಬಿಟ್ಟು ಮಸ್ಕಿಗೆ, ಮಗಳ ಮನೆಗೆ ಹೊರಟ ದಿನ ಕಾಕಾ ಬಸ್ಸಿಗೆ ಕಾಯುತ್ತ ನಿಂತಿದ್ದ. ತಪ್ಪಿಸಿಕೊಂಡು ಹೋಗುತ್ತಿದ್ದ ನನ್ನನ್ನು ಕರೆದ. ಬೈಯುತ್ತಾನೆಂದುಕೊಂಡೆ.

"ನನ್ನ ದನಿ ಚೊಲೋ ತೆಗೀತಿಯಂತಲ್ಲ ತಮ್ಮಾ. ಅದೇ ದನ್ಯಾಗ ನಿಮ್ಮಪ್ಪನ ಹತ್ರ ಒಮ್ಮೆ ನೀರು ಕೇಳಿ ನೋಡು."

ಬಸ್ಸು ಹೋಯಿತು. ಮನೆಗೆ ಬಂದು ಅಪ್ಪನೆದುರು ನಿಂತೆ. ಕಾಕಾನ ದನಿಯಲ್ಲೇ, "ಗೌಡ್ರ, ನನ್ನ ಪಾಳಿ ನೀರು ಬಿಡ್ರೀ" ಎಂದೆ.

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಇನ್ನೊಮ್ಮೆ ಮಾಡು" ಎಂದ.