ರಾಚವ್ವನನ್ನು ಹುಡುಕಿದ್ದು

ಕುರ್ಲಾದ ಆ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಚಾದರಗಳ ಕೋಣೆ. ವಾರ್ಡುಗಳಿಂದ ಇಳಿದ ಚಾದರ, ದಿಂಬಿನ ಗವಸು ಎಲ್ಲ ಒಗೆತಕ್ಕೆ ಹೋಗಿ ಬಿಸಿಬಿಸಿಯಾಗಿ ಅಲ್ಲಿಗೇ ಮರಳಿ ಬರುತ್ತವೆ. ಅವನ್ನು ಮಡಚಿ, ಗಂಟು ಕಟ್ಟಿ, ಮೇಲಕ್ಕೆ ಕಳಿಸುವುದು ಮಹಾದೇವಿಯ ಕೆಲಸ. ಬಸವನ ಬಾಗೇವಾಡಿ ಕಡೆಯವಳು. ಲಗ್ನವಾಗಿ ಗಂಡ ಶಾಂತಪ್ಪನ ಹಿಂದೆ ಮುಂಬಯಿಗೆ ಬಂದವಳು ಇಲ್ಲಿಯವಳೇ ಆಗಿಹೋಗಿದ್ದಳು.

ದೊಡ್ಡ ಚಾದರವನ್ನು ಒಬ್ಬರೇ ಮಡಚಲಾಗದು. ಎದುರಿಗೊಬ್ಬರು ಬೇಕು. ಮಹಾದೇವಿಯ ಎದುರಿಗೆ ವರ್ಷಗಟ್ಟಲೆ ನಿಂತವಳು ರಾಚವ್ವ. ಸಿಂದಗಿ ಕಡೆಯ ಹೆಣ್ಣು, ಹಣೆಯ ಮೇಲೆ ಹಸಿರು ಹಚ್ಚೆ, ಬಾಯಿ ತುಂಬ ಮಾತು. ಹಗಲೆಲ್ಲ ಹಿಂದಿ ಮರಾಠಿಯಲ್ಲೇ ತಿರುಗುವ ಆ ಕಟ್ಟಡದೊಳಗೆ ಇಬ್ಬರಿಗೂ ತವರೆಂದರೆ ಆ ಕೋಣೆಯೇ. ಅತ್ತೆಯ ಕಾಟ, ಹೊಟ್ಟೆನೋವು, ಮಗಳಿಗೆ ಬಂದ ವರ, ಯಾವುದನ್ನೂ ಮಹಾದೇವಿ ಮೊದಲು ಗಂಡನಿಗೆ ಹೇಳುತ್ತಿರಲಿಲ್ಲ, ರಾಚವ್ವನಿಗೆ ಹೇಳುತ್ತಿದ್ದಳು.

ಆಮೇಲೆ ಆ ರೋಗದ ವರ್ಷ ಬಂತು. ಕಾಂದಿವಲಿಯ ಶಾಖೆಯಲ್ಲಿ ಕೆಲಸದವರು ಸಾಲದೆಂದು ಒಂದು ಮುಂಜಾನೆ ಕೆಲವರನ್ನು ಬಸ್ಸಿನಲ್ಲಿ ಕೂರಿಸಿ ಕಳಿಸಿದರು. ಅದರಲ್ಲಿ ರಾಚವ್ವನೂ ಇದ್ದಳು. ತಿಂಗಳೊಪ್ಪತ್ತಿನ ಮಾತು ಎಂದುಕೊಂಡು ಇಬ್ಬರೂ ಸರಿಯಾಗಿ ಬೀಳ್ಕೊಳ್ಳಲೂ ಇಲ್ಲ. ಸ್ವಲ್ಪ ದಿನಕ್ಕೆ ರಾಚವ್ವನ ಫೋನು ಸ್ವಿಚ್ ಆಫ್ ಎನ್ನತೊಡಗಿತು. ಆಕೆ ಇದ್ದ ಚಾಳನ್ನು ಹೊಸ ಬಿಲ್ಡಿಂಗ್ ಕಟ್ಟಲು ಕೆಡವಿದರು. ಕಾಂದಿವಲಿಯಲ್ಲಿ ಮಗಳು ಸೌಮ್ಯಾಳ ಮನೆಗೆ ಹೋದಾಗ ಮಹಾದೇವಿ ಆ ಶಾಖೆಗೂ ಹೋಗಿ ಕೇಳಿದಳು. ಬೇರೆ ಶಾಖೆಗೆ ಹೋದರಲ್ಲ ಎಂದರೇ ಹೊರತು ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ.

ವರ್ಷಗಳು ಹೋದವು. ಚಾದರದ ಆ ತುದಿಗೆ ಹೊಸ ಹೊಸ ಮುಖಗಳು ಬಂದವು. ಒಳ್ಳೆಯವರೇ, ಆದರೆ ಕಿವಿಯಲ್ಲಿ ಇಯರ್‌ಫೋನು. ಕನ್ನಡದಲ್ಲಿ ಒಂದು ಮಾತು ನಾಲಗೆಯ ತುದಿಗೆ ಬಂದು ಅಲ್ಲೇ ಕರಗಿಹೋದಾಗಲೆಲ್ಲ ಮಹಾದೇವಿ ಮುಂದಿನ ಚಾದರಕ್ಕೆ ಕೈ ಚಾಚುತ್ತಿದ್ದಳು.

ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಪೋರ್ಟಲ್ ಬಂತು. ರಜೆ, ಪಗಾರದ ಚೀಟಿ, ಹೊಸ ಯುನಿಫಾರ್ಮು, ಎಲ್ಲಕ್ಕೂ ಇನ್ನು ಸಾಹೇಬರ ಬಾಗಿಲಲ್ಲಿ ನಿಲ್ಲಬೇಕಿಲ್ಲ, ನೀವೇ ನೋಡಿಕೊಳ್ಳಿ ಎಂದು ಕ್ಯಾಂಟೀನಿನ ಪಕ್ಕ ಒಂದು ಕಂಪ್ಯೂಟರ್ ಇಟ್ಟರು. ಎಲ್ಲ ಶಾಖೆಗಳ ನೌಕರರ ಹೆಸರು, ಫೋಟೋ ಕೂಡ ಅದರಲ್ಲಿ ಸಿಗುತ್ತವೆಂದು ಯಾರೋ ಅಂದದ್ದು ಮಹಾದೇವಿಯ ಕಿವಿಗೆ ಬಿತ್ತು. ಆ ದಿನ ಅವಳು ಊಟ ಬಿಟ್ಟು ಅದರ ಮುಂದೆ ಕೂತಳು. ಇಂಗ್ಲಿಷ್ ಅಕ್ಷರಗಳನ್ನು ಸೌಮ್ಯಾಳ ಶಾಲೆಯ ಪುಸ್ತಕಗಳಿಂದಲೇ ಕಲಿತಿದ್ದಳು. ಒಂದೊಂದೇ ಅಕ್ಷರ ಹುಡುಕಿ ಒತ್ತಿ, ರಾಚವ್ವ, ಸಿಂದಗಿ, ಚಾದರದ ಕೆಲಸ, ಮೊದಲು ಕುರ್ಲಾದಲ್ಲಿದ್ದಳು ಎಂದು ಒಂದು ಕಥೆಯನ್ನೇ ಬರೆದಳು. ಯಾರೂ ಸಿಗಲಿಲ್ಲ ಎಂದಿತು. ಬರೀ ರಾಚವ್ವ ಎಂದು ಬರೆದಳು. ಆಗಲೂ ಅದೇ ಉತ್ತರ.

ಮಹಾದೇವಿ ಕುರ್ಚಿ ಬಿಟ್ಟು ಎದ್ದಳು. ಕೆಲಸ ಬಿಟ್ಟಿರಬೇಕು. ಇಲ್ಲವೇ, ಆ ವರ್ಷ ಎಷ್ಟೋ ಜನ ಹೋದರಲ್ಲ. ಮುಂದಿನದನ್ನು ಯೋಚಿಸಲು ಅವಳಿಗೆ ಧೈರ್ಯವಾಗಲಿಲ್ಲ. ಮನೆಯಲ್ಲಿ ಶಾಂತಪ್ಪನಿಗೂ ಹೇಳಲಿಲ್ಲ.

ದೀಪಾವಳಿಯ ರಜೆ ಹಾಕಲು ಅವಳು ಮತ್ತೆ ಆ ಕಂಪ್ಯೂಟರಿನ ಮುಂದೆ ಒದ್ದಾಡುತ್ತಿದ್ದಾಗ ಹಿಂದಿನಿಂದ ಧಾರವಾಡದ ಮಾತು ಕೇಳಿಸಿತು. ರೋಗಿಗಳ ಕಾಗದಪತ್ರ ನೋಡಿಕೊಳ್ಳುವ ಶಿವಕುಮಾರಿ. ಚುಟ್ಟಿ ಎಂದು ಬರೆದರೆ ಅದಕ್ಕೆ ತಿಳಿಯುವುದಿಲ್ಲ, ಆಫೀಸಿನವರು ಅದನ್ನು ಲೀವ್ ಅನ್ನುತ್ತಾರೆ, ನಮ್ಮ ಮಾತು ಬಿಟ್ಟು ಅವರ ಮಾತು ಬರೆಯಬೇಕು ಎಂದು ಹೇಳಿ ರಜೆ ಹಾಕಿಸಿಕೊಟ್ಟಳು. ಆ ಮೆತ್ತನೆಯ ದನಿಗೆ ಮಹಾದೇವಿಯ ಬಾಯಿ ತಾನಾಗಿ ತೆರೆಯಿತು. ರಾಚವ್ವನ ವಿಷಯ ಹೇಳಿಬಿಟ್ಟಳು.

ಶಿವಕುಮಾರಿ ಕುರ್ಚಿ ಎಳೆದುಕೊಂಡಳು. ಮೊದಲು ಪರದೆಯ ಮೂಲೆಯನ್ನು ತೋರಿಸಿದಳು. ಅಲ್ಲಿ ಕುರ್ಲಾ ಎಂದು ತಾನೇ ಗುರುತು ಹಾಕಿಕೊಂಡಿತ್ತು. ಅಂದರೆ ಈತನಕ ಅದು ಹುಡುಕಿದ್ದು ಈ ಒಂದು ಕಟ್ಟಡದಲ್ಲಿ ಮಾತ್ರ. ಗುರುತು ತೆಗೆದಳು.

"ಇದು ಭಾಳ ದಡ್ಡ ಐತಿ, ಮಾದೇವಕ್ಕ. ಒಂದು ಅಕ್ಷರ ಆಚೆ ಈಚೆ ಆದ್ರ ಸಾಕು, ಕಣ್ಮುಂದ ಇದ್ದವರನ್ನೂ ಇಲ್ಲ ಅಂತದ. ಕಡಿಮಿ ಬರೀಬೇಕು, ಅಂದ್ರ ಜಾಸ್ತಿ ಸಿಗ್ತಾವ."

ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮಾತ್ರ ಒತ್ತಿದಳು. ರಚನಾ ಬಂದಳು, ರಚಿತಾ ಬಂದಳು, ಎಲ್ಲ ಎಳೆಯ ನರ್ಸುಗಳು. ರಾಚವ್ವ ಇರಲಿಲ್ಲ. ಕೆಲಸದ ಮೇಲೆ ಹುಡುಕಿದರೆ, ಚಾದರದವರನ್ನು ಬೇರೆ ಹೆಸರಿನ ದೊಡ್ಡ ಇಲಾಖೆಗೆ ಸೇರಿಸಿದ್ದರಿಂದ, ನೂರಾರು ಜನರ ಪಟ್ಟಿ ಬಂತು. ಅಡ್ಡಹೆಸರು, ಅಂದರೆ ಮನೆತನದ ಹೆಸರು, ಏನು ಎಂದರೆ ಮಹಾದೇವಿಗೆ ಗೊತ್ತಿಲ್ಲ. ಇಷ್ಟು ವರ್ಷ ಎದುರು ನಿಂತವಳ ಅಡ್ಡಹೆಸರನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ.

ಗಂಡನ ಹೆಸರಾದರೂ ಗೊತ್ತೇ ಎಂದಳು ಶಿವಕುಮಾರಿ. ಈ ಊರಿನಲ್ಲಿ ಹೆಂಗಸಿನ ಹೆಸರಿನ ನಡುವೆ ಗಂಡನ ಹೆಸರು ಸೇರಿಸಿಯೇ ಬರೆದುಕೊಳ್ಳುತ್ತಾರೆ.

ರಾಚವ್ವ ಎಂದೂ ಗಂಡನ ಹೆಸರು ಹಿಡಿದು ಕರೆದವಳಲ್ಲ, ಮನ್ಯಾಗಿನವರು ಅನ್ನುವಳು. ಆದರೆ ಸೌಮ್ಯಾ ಬಸುರಿಯಾಗಿದ್ದಾಗ ಕುಬಸದ ದಿನ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಸೇರಿಸಿ ಒಡಪು ಹೇಳದೆ ಬಿಡುವುದಿಲ್ಲ ಎಂದಿದ್ದರು. ಆಗ ಸೆರಗು ಬಾಯಿಗೆ ಹಿಡಿದು ಆಕೆ ಹೇಳಿದ್ದು ಮಹಾದೇವಿಗೆ ಚೆನ್ನಾಗಿ ನೆನಪಿತ್ತು.

"ಬೆಳ್ಳಿ ಬಟ್ಟಲದಾಗ ಬೆಲ್ಲದ ಉಂಡಿ, ಖಂಡಪ್ಪನ ಕೂಡ ಹತ್ತೀನಿ ಮುಂಬೈ ಬಂಡಿ."

ಶಿವಕುಮಾರಿ ನಗುತ್ತಲೇ ಆ ಪಟ್ಟಿಯಲ್ಲಿ ಖಂಡಪ್ಪನ ಹೆಸರಿನ ಅರ್ಧವನ್ನಷ್ಟೇ ಒತ್ತಿದಳು. ಪರದೆಯ ಮೇಲೆ ಒಂದೇ ಹೆಸರು ಬಂತು. ರಾಜವಾ ಖಂಡಪ್ಪಾ ಹೂಗಾರ, ಗ್ರಾಂಟ್ ರೋಡ್ ಶಾಖೆ. ಬರೆದುಕೊಂಡ ಗುಮಾಸ್ತನ ಕಿವಿಗೆ ರಾಚವ್ವ ರಾಜವಾ ಆಗಿದ್ದಳು. ಪಕ್ಕದಲ್ಲಿ ಅಂಗೈ ಅಗಲದ ಫೋಟೋ. ಕೂದಲು ಬೆಳ್ಳಗಾಗಿತ್ತು, ಕನ್ನಡಕ ಬಂದಿತ್ತು. ಹಣೆಯ ಹಚ್ಚೆ ಹಾಗೇ ಇತ್ತು. ಮಹಾದೇವಿ ಪರದೆಯನ್ನು ಬೆರಳಿನಿಂದ ಮುಟ್ಟಿದಳು.

ಮುಂದಿನ ಭಾನುವಾರ ಅವಳು ಗ್ರಾಂಟ್ ರೋಡಿಗೆ ಹೋದಳು. ಅಲ್ಲಿಯ ಚಾದರದ ಕೋಣೆ ಮೂರನೆಯ ಮಹಡಿಯಲ್ಲಿ, ಕಿಟಕಿಯಿದೆ, ಗಾಳಿಯಿದೆ. ರಾಚವ್ವ ಬೆನ್ನು ತಿರುಗಿಸಿ ಗಂಟು ಕಟ್ಟುತ್ತಿದ್ದಳು. ಮಹಾದೇವಿ ಹೆಸರು ಹಿಡಿದು ಕರೆದಳು. ತಿರುಗಿ ನೋಡಿದ ರಾಚವ್ವ ಒಂದು ಹೆಜ್ಜೆ ಹಿಂದೆ ಸರಿದು, ಅಲ್ಲಿದ್ದ ಗಂಟಿನ ಮೇಲೆ ಹಾಗೇ ಕೂತುಬಿಟ್ಟಳು.

"ನಿನ್ನ ಹೆಸರಲೆ ದೀಪಾ ಹಚ್ಚೀನಲ್ಲ, ಮಾದೇವಿ," ಎಂದಳು.

ಆಗ ಒಂದೊಂದಾಗಿ ಹೊರಬಂತು. ಲೋಕಲ್‌ನಲ್ಲಿ ಫೋನು ಕಳೆದ ಮೇಲೆ ರಾಚವ್ವ ಒಮ್ಮೆ ಕುರ್ಲಾಕ್ಕೆ ಬಂದಿದ್ದಳಂತೆ. ಒಳಗೆ ಬಿಡದ ದಿನಗಳವು. ಚಾದರ ಮಡಚುವ ಹೆಂಗಸು ರೋಗದಲ್ಲಿ ತೀರಿಕೊಂಡಳು ಎಂದು ಗೇಟಿನವನು ಹೇಳಿದ. ನಿಜಕ್ಕೂ ತೀರಿಹೋದವಳು ರಾತ್ರಿಪಾಳಿಯ ಬೇರೆ ಹೆಂಗಸು. ರಾಚವ್ವ ಪೂರ್ತಿ ನಂಬಲಿಲ್ಲ, ಮತ್ತೆ ಹೋಗಿ ಕೇಳುವ ಧೈರ್ಯವೂ ಆಗಲಿಲ್ಲ. ಪೋರ್ಟಲ್ ಬಂದಾಗ ಅವಳೂ ಅದರ ಮುಂದೆ ಕೂತು, ತಾನು ಕರೆಯುತ್ತಿದ್ದ ಹಾಗೆಯೇ ಮಾದೇವಿ ಎಂದು ಬರೆದು ಹುಡುಕಿದಳು. ಅಂಥವರು ಯಾರೂ ಇಲ್ಲ ಎಂದಿತು. ಅಂದು ನಂಬಿದಳು.

ಮಹಾದೇವಿಗೆ ನಗು ಬರಬೇಕಿತ್ತು, ಅಳು ಬಂತು. ಪಾಳಿ ಮುಗಿಯುವವರೆಗೆ ಇಬ್ಬರೂ ಎದುರು ಬದುರು ನಿಂತು ಚಾದರ ಮಡಚಿದರು. ಖಂಡಪ್ಪನ ಕಣ್ಣು ಮಂಜಾಗಿದೆ, ಮನೆ ಈಗ ನಾಲಾಸೋಪಾರಾದಲ್ಲಿ ಎಂದಳು ರಾಚವ್ವ. ಸೌಮ್ಯಾಳ ಕೂಸು ಶಾಲೆಗೆ ಹೋಗುತ್ತದೆ, ಕನ್ನಡ ತಿಳಿದರೂ ಉತ್ತರವೆಲ್ಲ ಹಿಂದಿಯಲ್ಲಿ ಕೊಡುತ್ತದೆ ಎಂದಳು ಮಹಾದೇವಿ. ಕಳೆದ ವರ್ಷಗಳ ಮಾತು ಒಂದು ಮಧ್ಯಾಹ್ನದಲ್ಲಿ ಮುಗಿಯುವಂತಿರಲಿಲ್ಲ.

ಮರುದಿನವೇ ಮಹಾದೇವಿ ಗ್ರಾಂಟ್ ರೋಡಿಗೆ ಬದಲಿ ಕೇಳಲು ಪೋರ್ಟಲ್ ತೆರೆದಳು. ಬದಲಿ ಎಂದರೆ ಅದಕ್ಕೆ ತಿಳಿಯದು. ಟ್ರಾನ್ಸ್‌ಫರ್ ಎಂದರೆ ಬ್ಯಾಂಕಿನ ವಿಷಯ ಬಂತು. ಸ್ವಲ್ಪ ಯೋಚಿಸಿ, ಸಾಹೇಬರು ಶಾಖೆಗೆ ಏನನ್ನುತ್ತಾರೆಂದು ನೆನೆದು, ಯುನಿಟ್ ಎಂಬ ಒಂದೇ ಪದ ಬರೆದಳು. ಬೇಕಾದ ಪುಟ ಮೊದಲ ಸಾಲಿನಲ್ಲೇ ಬಂತು. ಅರ್ಜಿ ಹೋಯಿತು. ಮಳೆಗಾಲಕ್ಕೆ ಮುಂಚೆ ಉತ್ತರವೂ ಬಂತು: ಸದ್ಯಕ್ಕೆ ಅಲ್ಲಿ ಜಾಗ ಖಾಲಿ ಇಲ್ಲ. ಶಾಂತಪ್ಪ ಸಮಾಧಾನ ಹೇಳಿದ. ಅವಳು ತಲೆಯಾಡಿಸಿ ರೊಟ್ಟಿ ಬಡಿಯುತ್ತ ಕೂತಳು.

ಈಗ ಇಬ್ಬರ ವಾರದ ರಜೆ ಯಾವಾಗಲಾದರೊಮ್ಮೆ ಒಂದೇ ದಿನ ಬೀಳುತ್ತದೆ. ಅಂದು ಅವರು ದಾದರ್‌ನಲ್ಲಿ ಸೇರುತ್ತಾರೆ. ಹೂವಿನ ಮಾರ್ಕೆಟ್ಟಿನಲ್ಲಿ ತಿರುಗಿ, ಎಲ್ಲಾದರೂ ಕೂತು ಕಟ್ಟಿತಂದ ರೊಟ್ಟಿ ಉಣ್ಣುತ್ತಾರೆ. ಸಂಜೆ ಮಹಾದೇವಿ ರಾಚವ್ವನನ್ನು ನಾಲಾಸೋಪಾರಾಕ್ಕೆ ಹೋಗುವ ವಿರಾರ್ ಗಾಡಿ ಹತ್ತಿಸಲು ಹೋಗುತ್ತಾಳೆ. ಗಾಡಿ ಬರುತ್ತದೆ. ಗದ್ದಲ ಭಾಳ ಅದ, ಮುಂದಿನದಕ್ಕ ಹೋಗ್ತೀನಿ ಎನ್ನುತ್ತಾಳೆ ರಾಚವ್ವ. ಮುಂದಿನದು ಬರುತ್ತದೆ. ಅದರಲ್ಲಿ ಕೂರಲು ಜಾಗ ಇರುತ್ತದೆ. ಅದನ್ನೂ ಅವಳು ಬಿಡುತ್ತಾಳೆ. ಮಹಾದೇವಿ ಬೆಂಚಿನ ಮೇಲೆ ಸರಿದು ಅವಳಿಗೆ ಜಾಗ ಮಾಡಿಕೊಡುತ್ತಾಳೆ.